ಗೋಡೆಯೊಳಗೆ ಮೆಟ್ಟಿಲು, ಹತ್ತಿದರೆ ಬರೀ ಗಾಳಿ

ಪ್ರಶ್ನೆ: ಮಗಳು ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಅವಳ ಮನೆಗೆ ಹೋಗಿದ್ದಾಗ ಸುತ್ತಲಿನ ಹಳ್ಳಿಗಳ ಹಳೆಯ ಚರ್ಚುಗಳನ್ನು ನೋಡಿ ಬಂದೆವು. ಒಂದರಲ್ಲಿ ಗೋಡೆಯೊಳಗೇ ಸುರುಳಿ ಮೆಟ್ಟಿಲಿತ್ತು. ಹತ್ತಿದರೆ ಎತ್ತರದಲ್ಲೊಂದು ಬಾಗಿಲು, ಆಚೆ ಏನೂ ಇಲ್ಲ. ಬಲಿಪೀಠದ ಪಕ್ಕದ ಗೋಡೆಯಲ್ಲಿ ಕೈ ತೊಳೆಯುವ ಬೋಗುಣಿಯಂಥದ್ದೊಂದು ಗೂಡು. ಮರದ ತಡಿಕೆಯ ಮೇಲೆ ಬರೆದ ಸಂತರ ಮುಖಗಳನ್ನು ಯಾರೋ ಕೆರೆದು ಹಾಕಿದ್ದರು. ಹೊರಗೆ ಬಾಗಿಲ ಪಕ್ಕದ ಕಲ್ಲಿನಲ್ಲಿ ಗೀಚಿದ ಅರ್ಧಚಕ್ರ. ಕೇಳೋಣವೆಂದರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇವೆಲ್ಲ ಏನು? ತಡಿಕೆಯ ಆಚೆಗಿನ ಕೋಣೆ ನಮ್ಮ ಗರ್ಭಗುಡಿ ಇದ್ದಂತೆಯೇ?

ಉತ್ತರ: ನೀವು ನೋಡಿದ್ದು ಅರ್ಧ ಚರ್ಚು. ಕಟ್ಟಡ ನಿಂತಿದೆ, ಒಳಗಿದ್ದ ಸಾಮಾನು ಹೋಗಿದೆ. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೂ ಅಂಗಳದಲ್ಲಿ ಕಂಬ ನೆಟ್ಟ ಗುಳಿಗಳು ಉಳಿದಿರುತ್ತವಲ್ಲ, ನಿಮ್ಮ ಕಣ್ಣಿಗೆ ಬಿದ್ದದ್ದು ಹೆಚ್ಚಾಗಿ ಅಂಥ ಗುಳಿಗಳೇ. ಇಂಗ್ಲೆಂಡಿನ ಹಳ್ಳಿ ಚರ್ಚನ್ನು ಓದುವುದೆಂದರೆ ಮುಕ್ಕಾಲು ಪಾಲು ಆ ಗುಳಿಗಳನ್ನು ಓದುವುದು. ನಾರ್ವಿಚ್ ಇರುವ ನಾರ್ಫೋಕ್ ಅದಕ್ಕೆ ಹೇಳಿ ಮಾಡಿಸಿದ ಸೀಮೆ. ಆ ಒಂದೇ ಕೌಂಟಿಯಲ್ಲಿ, ಎಂದರೆ ಜಿಲ್ಲೆಯಲ್ಲಿ, 600ಕ್ಕೂ ಹೆಚ್ಚು ಮಧ್ಯಯುಗದ ಚರ್ಚುಗಳು ಇನ್ನೂ ನಿಂತಿವೆ.

ಗರ್ಭಗುಡಿಯ ಮಾತನ್ನು ಮೊದಲು ಮುಗಿಸುತ್ತೇನೆ. ನಿಮ್ಮ ಹೋಲಿಕೆ ಅರ್ಧ ಸರಿ. ಚರ್ಚಿನಲ್ಲಿ ಎರಡು ಭಾಗ: ಪಡುವಣ ಕಡೆ ಜನ ಸೇರುವ ನೇವ್, ಮೂಡಣ ಕಡೆ ಪಾದ್ರಿಗಳ ಚಾನ್ಸೆಲ್. ಬಲಿಪೀಠ ಚಾನ್ಸೆಲ್‌ನ ಮೂಡಣ ತುದಿಯಲ್ಲಿ. ನಡುವೆ ಒಂದು ಕಮಾನು, ಕಮಾನಿಗೆ ಅಡ್ಡಲಾಗಿ ನೀವು ಕಂಡ ಮರದ ತಡಿಕೆ. ಬಲಿಪೀಠದ ಮೇಲೆ ಪವಿತ್ರಗೊಳಿಸಿದ ರೊಟ್ಟಿಯನ್ನು ಸಣ್ಣ ಕರಂಡಕದಲ್ಲಿಟ್ಟು ಸೂರಿನಿಂದ ಇಳಿಬಿಡುತ್ತಿದ್ದರು. ಯೇಸು ಅದರಲ್ಲಿ ಸಾಕ್ಷಾತ್ ಇದ್ದಾನೆಂಬ ನಂಬಿಕೆ. ಹಾಗಾಗಿ ಒಳಗಡೆ ದೇವರ ಸಾನ್ನಿಧ್ಯವಿದೆ ಎಂಬಷ್ಟರ ಮಟ್ಟಿಗೆ ಗರ್ಭಗುಡಿಯೇ. ಆದರೆ ಅದು ಕತ್ತಲೆಯ ಕೋಣೆಯಲ್ಲ. ಹೆಚ್ಚು ಬೆಳಕು ಬರುವ ದೊಡ್ಡ ಕಿಟಕಿ ಅನೇಕ ಕಡೆ ಅಲ್ಲೇ ಇರುತ್ತದೆ. ಊರ ದೊಡ್ಡ ಮನುಷ್ಯರು ಒಳಗೆ ಕೂರುತ್ತಿದ್ದದ್ದೂ ಉಂಟು.

ನಮ್ಮವರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ವ್ಯತ್ಯಾಸವಿದೆ: ಖರ್ಚು ಯಾರದು ಎನ್ನುವುದು. 13ನೇ ಶತಮಾನದಿಂದ ಇಂಗ್ಲೆಂಡಿನಲ್ಲಿ ನೆಲೆಗೊಂಡ ಪದ್ಧತಿಯ ಪ್ರಕಾರ ಚಾನ್ಸೆಲ್ಲಿನ ರಿಪೇರಿ ರೆಕ್ಟರನ ಪಾಲು, ನೇವ್‌ನ ರಿಪೇರಿ ಊರವರ ಪಾಲು. ರೆಕ್ಟರ್ ಎಂದರೆ ಊರಿನ ಬೆಳೆಯಲ್ಲಿ ಹತ್ತನೆಯ ಒಂದು ಪಾಲು ಪಡೆಯುವವನು. ಬಹಳ ಕಡೆ ಆ ರೆಕ್ಟರ್ ಒಬ್ಬ ಮನುಷ್ಯನೇ ಆಗಿರಲಿಲ್ಲ, ಎಲ್ಲೋ ದೂರದ ಒಂದು ಮಠವಾಗಿತ್ತು. ಮಠ ದಶಾಂಶವನ್ನು ಬಾಚಿಕೊಂಡು, ಊರಿಗೊಬ್ಬ ಬದಲಿ ಪಾದ್ರಿಯನ್ನು (ವಿಕಾರ್) ನೇಮಿಸಿ ಕೈ ತೊಳೆದುಕೊಳ್ಳುತ್ತಿತ್ತು. ಅದರ ಫಲ ಇವತ್ತಿಗೂ ಕಣ್ಣಿಗೆ ಕಾಣುತ್ತದೆ. ಊರವರು ಪೈಪೋಟಿಗೆ ಬಿದ್ದು ಕಟ್ಟಿದ ಭಾರಿ ನೇವ್, ಅದರ ಬೆನ್ನಿಗೆ ಅಂಟಿಕೊಂಡ ಹಳೆಯ ತಗ್ಗು ಚಾನ್ಸೆಲ್. ಇಂಥ ಜೋಡಿ ಕಂಡರೆ ಶಿಲ್ಪಿಯ ಅಭಿರುಚಿಯನ್ನು ಬೈಯಬೇಡಿ, ಎರಡು ಥೈಲಿಗಳ ಕಥೆ ಅದು. ಸಫೋಕ್‌ನ ಲ್ಯಾವೆನಮ್‌ನಲ್ಲಿ ಥೈಲಿ ದೊಡ್ಡದಿತ್ತು. ಉಣ್ಣೆ ಬಟ್ಟೆಯ ವ್ಯಾಪಾರದಲ್ಲಿ ಕೊಬ್ಬಿದ ಊರದು. 1523ರಲ್ಲಿ ತೀರಿಕೊಂಡ ಸಾಹುಕಾರ ಥಾಮಸ್ ಸ್ಪ್ರಿಂಗ್ ಮತ್ತವನ ಮನೆತನದ ದುಡ್ಡು ಸೇರಿ ಎದ್ದ ಗೋಪುರ 141 ಅಡಿ. ಪಕ್ಕದ ಲಾಂಗ್ ಮೆಲ್ಫರ್ಡ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರ ಆತ್ಮಕ್ಕಾಗಿ ಪ್ರಾರ್ಥಿಸಬೇಕೆಂದು ದಾನಿಗಳ ಹೆಸರುಗಳನ್ನು ಹೊರಗೋಡೆಯ ಉದ್ದಕ್ಕೂ ಕೆತ್ತಿಸಿದ್ದಾರೆ. ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆಸುವ ನಮಗೆ ಇದು ಹೊಸದೇನಲ್ಲ.

ಕಟ್ಟಡದ ಶೈಲಿಗಳ ಬಗ್ಗೆ ಎರಡೇ ಮಾತು. ದಪ್ಪ ಕಂಬ, ಅರ್ಧವೃತ್ತದ ಕಮಾನು ಇದ್ದರೆ ನಾರ್ಮನ್, ಎಂದರೆ 12ನೇ ಶತಮಾನ. ಹೆರೆಫರ್ಡ್‌ಶೈರ್‌ನ ಕಿಲ್ಪೆಕ್ ಅದರ ರತ್ನ. ಕಮಾನು ಚೂಪಾಗಿ, ಕಿಟಕಿಗಳು ಈಟಿಯ ಮೊನೆಯಂತೆ ಸಣ್ಣಗಿದ್ದರೆ 13ನೇ ಶತಮಾನ. ಕಿಟಕಿಯ ಕಲ್ಲಿನ ಜಾಲರಿ ಬಳ್ಳಿಯಂತೆ ಬಳುಕಿದರೆ 14. ಅದೇ ಜಾಲರಿ ನೆಟ್ಟಗೆ ಮೇಲಕ್ಕೆ ಹೋಗಿ ಗೋಡೆಗಿಂತ ಗಾಜೇ ಹೆಚ್ಚಾದರೆ 15. ಈ ವಿಂಗಡಣೆಗೆ ಹೆಸರಿಟ್ಟು ಪ್ರಕಟಿಸಿದವನು ಥಾಮಸ್ ರಿಕ್‌ಮನ್, 1817ರಲ್ಲಿ. ತಮಾಷೆಯೆಂದರೆ ಅವನು ಕ್ವೇಕರ್ ಪಂಥದವನು, ಆಡಂಬರದ ಚರ್ಚೇ ಬೇಡ ಎನ್ನುವವರ ಪೈಕಿ. ಆದರೆ ಒಂದು ಚರ್ಚನ್ನು ಒಂದು ಶೈಲಿಗೆ ಸೇರಿಸುವ ಆತುರ ಬೇಡ. ನಾರ್ಮನ್ ಗೋಡೆಯನ್ನೇ ತೂತು ಮಾಡಿ 13ನೇ ಶತಮಾನದಲ್ಲಿ ಕಮಾನುಗಳನ್ನಿಟ್ಟು ಪಕ್ಕಕ್ಕೆ ಪಡಸಾಲೆ ಸೇರಿಸಿರುತ್ತಾರೆ. 15ರಲ್ಲಿ ಅದೇ ಗೋಡೆಯನ್ನು ಎತ್ತರಿಸಿ ಮೇಲೊಂದು ಸಾಲು ಕಿಟಕಿ ಕೂರಿಸಿರುತ್ತಾರೆ. ನೇವ್‌ನಲ್ಲಿ ನಿಂತು ಪಡುವಣಕ್ಕೆ ತಿರುಗಿ ಗೋಪುರದ ಗೋಡೆ ನೋಡಿ. ತಲೆಕೆಳಗಾದ ‘ವಿ’ಯಂತೆ ಒಂದು ಗೆರೆ ಕಂಡರೆ ಅದು ಹಳೆಯ ಸೂರಿನ ಗುರುತು. ಚರ್ಚು ಎಷ್ಟು ಬೆಳೆಯಿತೆಂದು ಅಲ್ಲೇ ಅಳೆಯಬಹುದು.

ಈಗ ನಿಮ್ಮ ಮೆಟ್ಟಿಲು. ಹಳೆಯ ಇಂಗ್ಲಿಷಿನಲ್ಲಿ ‘ರೂಡ್’ ಎಂದರೆ ಶಿಲುಬೆ. ತಡಿಕೆಯ ನೆತ್ತಿಯ ಮೇಲೆ ‘ರೂಡ್ ಅಟ್ಟ’ ಎನ್ನುವ ಮರದ ಒಂದು ಅಟ್ಟವಿತ್ತು. ಅಟ್ಟದ ಮೇಲೆ, ಕಮಾನನ್ನು ತುಂಬುವಂತೆ, ದೊಡ್ಡ ಶಿಲುಬೆಗೇರಿದ ಯೇಸುವಿನ ಪ್ರತಿಮೆ. ಒಂದು ಪಕ್ಕ ತಾಯಿ ಮೇರಿ, ಇನ್ನೊಂದು ಪಕ್ಕ ಶಿಷ್ಯ ಯೋಹಾನ. ಮರದಲ್ಲಿ ಕೆತ್ತಿ ಬಣ್ಣ ಬಳಿದು ಚಿನ್ನದ ರೇಕು ಹಚ್ಚಿದ ಪ್ರತಿಮೆಗಳು. ಅವುಗಳ ಮುಂದೆ ಮೇಣದ ದೀಪಗಳ ಸಾಲು. ದೀಪ ಹಚ್ಚಲು, ಲೆಂಟ್ ಉಪವಾಸದ ದಿನಗಳಲ್ಲಿ ಪ್ರತಿಮೆಗಳಿಗೆ ಬಟ್ಟೆ ಮುಚ್ಚಲು, ಕೆಲವು ಕಡೆ ಹಾಡಲು ಅಟ್ಟಕ್ಕೆ ಹತ್ತಬೇಕಾಗಿತ್ತು. ಆ ದಾರಿಯೇ ನೀವು ಹತ್ತಿದ ಮೆಟ್ಟಿಲು. ಆಚೆ ಏನೂ ಇಲ್ಲದ ಆ ಬಾಗಿಲು ಒಂದು ಕಾಲದಲ್ಲಿ ಅಟ್ಟದ ಬಾಗಿಲು. ಚರ್ಚಿನ ಒಳಗೆ ಕಾಲಿಟ್ಟವರು ಮೊಟ್ಟಮೊದಲು ನೋಡುತ್ತಿದ್ದದ್ದು ಆ ಶಿಲುಬೆಯನ್ನು. ಇವತ್ತು ಆ ಜಾಗದಲ್ಲಿರುವುದು ಬರೀ ಗಾಳಿ.

ಹೋಗಿದ್ದು ಹೇಗೆ? ಎಂಟನೆಯ ಹೆನ್ರಿ ರೋಮಿನ ಪೋಪರ ಸಂಬಂಧ ಕಡಿದುಕೊಂಡ ಕಥೆ ನಿಮಗೆ ಗೊತ್ತಿರುತ್ತದೆ. ಆದರೆ ಊರ ಚರ್ಚುಗಳನ್ನು ನಿಜವಾಗಿ ಬರಿದು ಮಾಡಿದ್ದು ಅವನ ಮಗ, ವಿಗ್ರಹ ಒಪ್ಪದ ಪ್ರೊಟೆಸ್ಟಂಟ್ ಮತದ ಆರನೆಯ ಎಡ್ವರ್ಡನ ಆರು ವರ್ಷಗಳ ಆಳ್ವಿಕೆ. ಹೆನ್ರಿಯ ಕಾಲದಲ್ಲಿ, 1538ರಲ್ಲೇ, ಸಂತರ ಪ್ರತಿಮೆಗಳ ಮುಂದಿನ ದೀಪಗಳನ್ನು ಆರಿಸಲು ಆಜ್ಞೆಯಾಗಿತ್ತು. ಶಿಲುಬೆಯ ದೀಪಕ್ಕೆ ವಿನಾಯಿತಿ ಕೊಟ್ಟಿದ್ದರು. 1547-48ರಲ್ಲಿ ಪ್ರತಿಮೆಗಳೇ ಹೋದವು. 1550ರಲ್ಲಿ ಕಲ್ಲಿನ ಬಲಿಪೀಠಗಳನ್ನು ಒಡೆದು ಮರದ ಮೇಜು ಇಡಿಸಿದರು. 1553ರಲ್ಲಿ ಪಟ್ಟಕ್ಕೆ ಬಂದ ಅವನ ಅಕ್ಕ, ಹಳೆಯ ಕ್ಯಾಥೊಲಿಕ್ ಮತದ ಮೇರಿ, ಎಲ್ಲವನ್ನೂ ವಾಪಸ್ ಇಡಿ ಎಂದಳು. 1558ರಲ್ಲಿ ಎಲಿಜಬೆತ್ ಬಂದಳು, ಮತ್ತೆ ತೆಗೆಯಿರಿ ಎಂದಾಯಿತು. 1561ರಲ್ಲಿ ಅಟ್ಟ ಕೆಡವಿ, ತಡಿಕೆ ಇರಲಿ ಎಂದು ಸ್ಪಷ್ಟ ಆಜ್ಞೆಯೇ ಹೊರಟಿತು. ತಡಿಕೆ ಉಳಿದು ಅಟ್ಟ ಇಲ್ಲದಿರುವುದಕ್ಕೆ ಕಾರಣ ಇದು. ಅಟ್ಟ ಉಳಿದಿರುವ ಚರ್ಚುಗಳು ಬೆರಳೆಣಿಕೆ. ಡೆವನ್‌ನ ಆಥರಿಂಗ್‌ಟನ್ ಒಂದು, ಯಾರ್ಕ್‌ಶೈರ್ ಕಣಿವೆಯ ಹಬರ್‌ಹೋಮ್ ಇನ್ನೊಂದು. ಹಬರ್‌ಹೋಮ್‌ನ ಅಟ್ಟದ ಮೇಲೆ 1558 ಎಂದು ಇಸವಿ ಇದೆ. ಬೇಡವಾಗುವುದಕ್ಕೆ ಮೂರೇ ವರ್ಷ ಮುಂಚೆ ಮಾಡಿಸಿಕೊಂಡರು ಪಾಪ.

ಈ ಹಾಕು-ತೆಗೆ-ಹಾಕು ಆಟದಲ್ಲಿ ಹಳ್ಳಿಯವರ ಪಾಡು ಏನಾಗಿತ್ತೆಂದು ತಿಳಿಯಲು ಡೆವನ್‌ನ ಮೋರ್ಬಾತ್ ಎಂಬ ಪುಟ್ಟ ಊರಿನ ಲೆಕ್ಕದ ಕಡತಗಳಿವೆ. ಕ್ರಿಸ್ಟೋಫರ್ ಟ್ರೈಕೀ ಎಂಬ ಪಾದ್ರಿ 1520ರಿಂದ 1574ರವರೆಗೆ, 54 ವರ್ಷ, ಅಲ್ಲೇ ಇದ್ದು ಊರ ಲೆಕ್ಕವನ್ನು ತಾವೇ ಬರೆದಿಟ್ಟರು. ಅಲ್ಲಿ ಸಂತರ ಹೆಸರಿನಲ್ಲಿ ಕುರಿಗಳಿದ್ದವು. ಕುರಿಯ ಉಣ್ಣೆ ಮಾರಿದ ದುಡ್ಡಿನಿಂದ ಆ ಸಂತರ ದೀಪಕ್ಕೆ ಮೇಣ. ಸತ್ತವರಿಗಾಗಿ ಮಾಡುವ ಪೂಜೆಗೆ ಬೇಕಾದ ಪಾದ್ರಿಯ ಕಪ್ಪು ಉಡುಪಿನ ಒಂದು ಜೊತೆಗಾಗಿ ಅವರು ಇಪ್ಪತ್ತು ವರ್ಷ ಕಾಸಿಗೆ ಕಾಸು ಕೂಡಿಹಾಕಿದರು. ಉಡುಪು ಕೈಗೆ ಬಂದದ್ದು 1547ರಲ್ಲಿ. ಅಷ್ಟರಲ್ಲಿ ಆ ಪೂಜೆಯ ಕಾಲವೇ ಮುಗಿಯುತ್ತಿತ್ತು. ಮುಂದೆ ಊರವರು ಚರ್ಚಿನ ಸಾಮಾನನ್ನು ತಂತಮ್ಮ ಮನೆಗಳಲ್ಲಿ ಬಚ್ಚಿಟ್ಟರು. ಮೇರಿಯ ಕಾಲದಲ್ಲಿ ಯಾರು ಏನೇನು ತಂದೊಪ್ಪಿಸಿದರು ಎಂಬುದೂ ಲೆಕ್ಕದಲ್ಲಿದೆ. ಇತಿಹಾಸದ ಪಾಠದಲ್ಲಿ ‘ಸುಧಾರಣೆ’ ಎಂದು ಒಂದೇ ಪದದಲ್ಲಿ ಮುಗಿದುಹೋಗುವ ಸಂಗತಿ ಊರ ಮಟ್ಟದಲ್ಲಿ ಹೀಗಿತ್ತು.

ಇನ್ನು ಕೆರೆದ ಮುಖಗಳು. ತಡಿಕೆಯ ಕೆಳಭಾಗ ಸಾಲು ಹಲಗೆ. ಒಂದೊಂದು ಹಲಗೆಗೆ ಒಬ್ಬೊಬ್ಬ ಸಂತ. ವಿಗ್ರಹಭಂಜಕರು ಮುಖ, ಅದರಲ್ಲೂ ಕಣ್ಣುಗಳನ್ನೇ ಹುಡುಕಿ ಕೆರೆದರು. ನೋಡುವ ಕಣ್ಣು ಹೋದರೆ ಚಿತ್ರ ಬರೀ ಹಲಗೆ ಎಂಬ ತರ್ಕ. ಪೂರ್ತಿ ಸುಟ್ಟುಹಾಕದೆ ಮುಖ ಮಾತ್ರ ಕೆರೆದು ಬಿಟ್ಟಿದ್ದು ಕೆಲವು ಕಡೆ ಊರವರ ಜಾಣತನವೂ ಇರಬಹುದೆಂದು ನನ್ನ ಗುಮಾನಿ: ಆಜ್ಞೆ ಪಾಲಿಸಿದಂತೆಯೂ ಆಯಿತು, ಅಜ್ಜನ ದುಡ್ಡಿನ ಹಲಗೆ ಉಳಿದಂತೆಯೂ ಆಯಿತು. ನಾರ್ವಿಚ್‌ನಿಂದ ಹತ್ತಿರದ ರ‍್ಯಾನ್‌ವರ್ತ್‌ಗೆ ಹೋಗಿದ್ದಿರೋ ಇಲ್ಲವೋ ಗೊತ್ತಿಲ್ಲ. ಹೋಗದಿದ್ದರೆ ಮುಂದಿನ ಸಲ ತಪ್ಪಿಸಬೇಡಿ. 15ನೇ ಶತಮಾನದ ಆ ತಡಿಕೆಯಲ್ಲಿ ಘಟಸರ್ಪವನ್ನು ತುಳಿಯುತ್ತಿರುವ ಮಿಖಾಯೇಲ ದೇವದೂತನ ರೆಕ್ಕೆಯ ಗರಿಗಳು ಇನ್ನೂ ಹೊಳೆಯುತ್ತವೆ.

ಆದರೆ ನನಗೆ ಅದಕ್ಕಿಂತ ಇಷ್ಟ ಬಿನ್‌ಹಮ್. ಅದೂ ನಾರ್ಫೋಕ್‌ನದೇ, ಹಾಳುಬಿದ್ದ ಮಠವೊಂದರ ನೇವ್ ಊರ ಚರ್ಚಾಗಿ ಉಳಿದದ್ದು. ಅಲ್ಲಿನ ತಡಿಕೆಯ ಹಲಗೆಗಳಿಗೆ ಬಿಳಿ ಬಳಿದು, ಅದರ ಮೇಲೆ ಇಂಗ್ಲಿಷ್ ಬೈಬಲ್ಲಿನ ವಾಕ್ಯಗಳನ್ನು ಕಪ್ಪು ಅಕ್ಷರದಲ್ಲಿ ಬರೆದರು. ಚಿತ್ರ ಬೇಡ, ವಾಕ್ಯ ಓದಿ ಎನ್ನುವುದು ಹೊಸ ಧರ್ಮ. ನಾಲ್ಕೂವರೆ ಶತಮಾನದಲ್ಲಿ ಆ ಬಿಳಿ ಬಣ್ಣ ಸವೆದು ಚಕ್ಕೆ ಎದ್ದಿದೆ. ಈಗ ಹತ್ತಿರ ಹೋಗಿ ಬಗ್ಗಿ ನೋಡಿದರೆ, ಅಕ್ಷರಗಳ ಸಾಲಿನ ನಡುವೆ ಒಂದು ಕಣ್ಣು, ಒಂದು ಗಡ್ಡ, ಒಂದು ಕಿರೀಟ ಇಣುಕುತ್ತದೆ. ಯಾರು ಯಾರನ್ನು ಅಳಿಸಿದರು ಎಂಬುದೇ ಗೊಂದಲವಾಗುತ್ತದೆ.

ಸಫೋಕ್‌ನ ವೆನ್‌ಹ್ಯಾಸ್ಟನ್‌ನಲ್ಲಿ ಇಂಥದ್ದೇ ಕೆಲಸವನ್ನು ಮಳೆ ಮಾಡಿತು. ಚಾನ್ಸೆಲ್ ಕಮಾನಿನ ಮೇಲ್ಭಾಗ ಮುಚ್ಚಿದ್ದ ಸುಣ್ಣ ಬಳಿದ ಹಳೇ ಹಲಗೆಗಳನ್ನು 1892ರಲ್ಲಿ ರಿಪೇರಿಯ ಹೊತ್ತಿನಲ್ಲಿ ಕಿತ್ತು ಹೊರಗೆ ಎಸೆದರು. ರಾತ್ರಿ ಮಳೆ ಬಂತು, ಸುಣ್ಣ ಕರಗಿತು. ಬೆಳಗ್ಗೆ ನೋಡಿದರೆ ಹಲಗೆಗಳ ತುಂಬ ಅಂತಿಮ ತೀರ್ಪಿನ ಚಿತ್ರ! ಮೇಲೆ ಯೇಸು, ಕೆಳಗೆ ತಕ್ಕಡಿ ಹಿಡಿದು ಆತ್ಮ ತೂಗುವ ಮಿಖಾಯೇಲ, ಒಂದು ತುದಿಯಲ್ಲಿ ನರಕದ ಬಾಯಿ. ಸ್ವರ್ಗಕ್ಕೆ ಹೊರಟವರಲ್ಲಿ ರಾಜರೂ ಇದ್ದಾರೆ, ಬಿಷಪ್ಪರೂ ಇದ್ದಾರೆ, ಮೈಮೇಲೆ ನೂಲಿಲ್ಲ, ತಲೆಯ ಮೇಲೆ ಕಿರೀಟ ಮಾತ್ರ. ಅದೇ ಹಲಗೆಯ ನಡುವೆ ಬಣ್ಣವೇ ಹಚ್ಚದ ಮೂರು ಖಾಲಿ ಆಕಾರಗಳಿವೆ. ಒಂದು ಶಿಲುಬೆಯದು, ಅಕ್ಕಪಕ್ಕ ಎರಡು ಮನುಷ್ಯಾಕೃತಿ. ಕೆತ್ತಿದ ಪ್ರತಿಮೆಗಳು ಅಲ್ಲಿ ಹಲಗೆಗೆ ತಾಗಿಕೊಂಡು ನಿಂತಿದ್ದರಿಂದ ಚಿತ್ರಗಾರ ಹಿಂದಿನ ಜಾಗಕ್ಕೆ ಬಣ್ಣ ದಂಡ ಮಾಡಲಿಲ್ಲ. ನಿಮ್ಮ ಮೆಟ್ಟಿಲು ಎಲ್ಲಿಗೆ ಹೋಗುತ್ತಿತ್ತೆಂದು ಕಣ್ಣಾರೆ ನೋಡಬೇಕಿದ್ದರೆ ಆ ಮೂರು ಖಾಲಿ ಆಕಾರ ನೋಡಿ.

ಬಲಿಪೀಠದ ಬಲಗಡೆ, ದಕ್ಷಿಣ ಗೋಡೆಯಲ್ಲಿ ನೀವು ಕಂಡ ಬೋಗುಣಿಯ ಹೆಸರು ಪಿಸೀನಾ. ಕೈ ತೊಳೆಯುವುದಕ್ಕೇ, ನಿಮ್ಮ ಊಹೆ ಸರಿ. ಪಾದ್ರಿ ಪೂಜೆಯಲ್ಲಿ ಬೆರಳು ಮತ್ತು ಪಾನಪಾತ್ರೆ ತೊಳೆದ ನೀರನ್ನು ಅಲ್ಲಿ ಸುರಿಯುತ್ತಿದ್ದರು. ಆ ನೀರಲ್ಲಿ ಪವಿತ್ರ ರೊಟ್ಟಿಯ ಕಣವೋ ದ್ರಾಕ್ಷಾರಸದ ತೊಟ್ಟೋ ಇದ್ದೀತು, ಯಾರೂ ತುಳಿಯಬಾರದು. ಹಾಗಾಗಿ ಬೋಗುಣಿಯ ತಳದ ತೂತಿನಿಂದ ನೀರು ಗೋಡೆಯೊಳಗೇ ಇಳಿದು ಪವಿತ್ರಗೊಳಿಸಿದ ನೆಲಕ್ಕೆ ಇಂಗುತ್ತಿತ್ತು. ಪಕ್ಕಪಕ್ಕದಲ್ಲಿ ಎರಡು ಬೋಗುಣಿ ಕಂಡರೆ ಬಹುಮಟ್ಟಿಗೆ 13ನೇ ಶತಮಾನದ ಕೊನೆಯ ಭಾಗದ ಕೆಲಸ, ಒಂದು ಕೈಗೆ, ಒಂದು ಪಾತ್ರೆಗೆ. ಒಗಟು ಬಿಡಿಸುವವರಿಗೆ ಪಿಸೀನಾದಂಥ ಗೆಳೆಯ ಇನ್ನೊಬ್ಬನಿಲ್ಲ. ನೇವ್‌ನ ಪಡಸಾಲೆಯ ಮೂಲೆಯಲ್ಲಿ, ಕುರ್ಚಿಗಳ ರಾಶಿಯ ಹಿಂದೆ ಒಂದು ಪಿಸೀನಾ ಇಣುಕಿದರೆ, ಅಲ್ಲಿ ಒಂದು ಬಲಿಪೀಠ ಇದ್ದೇ ಇತ್ತು ಎಂದು ಅರ್ಥ. ಪೀಠ ಒಡೆಯಬಹುದು, ಗೋಡೆಯೊಳಗಿನ ಬೋಗುಣಿ ಕೀಳುವ ಕಷ್ಟ ಯಾರು ತೆಗೆದುಕೊಳ್ಳುತ್ತಾರೆ? ಅದರ ಪಕ್ಕದಲ್ಲೇ ಕಲ್ಲಿನ ಮೂರು ಆಸನಗಳಿದ್ದರೆ ಅವು ಸೆಡಿಲಿಯಾ, ಪೂಜೆಯ ಪಾದ್ರಿ ಮತ್ತು ಇಬ್ಬರು ಸಹಾಯಕರಿಗೆ.

ತಡಿಕೆಯ ಕೆಳ ಹಲಗೆಗಳಲ್ಲಿ ಕೆಲವು ಕಡೆ ಬೆರಳು ತೂರುವಷ್ಟು ತೂತುಗಳಿರುತ್ತವೆ. ಹುಳ ಕೊರೆದದ್ದಲ್ಲ. ಪಾದ್ರಿ ರೊಟ್ಟಿಯನ್ನು ತಲೆಯ ಮೇಲಕ್ಕೆತ್ತುವ ಗಳಿಗೆಯೇ ಪೂಜೆಯ ಮುಖ್ಯ ಗಳಿಗೆ. ಮಂಡಿಯೂರಿದವರಿಗೆ ಹಲಗೆ ಅಡ್ಡ ಬರುತ್ತಿತ್ತು. ಅವರ ಕಣ್ಣಿನ ಎತ್ತರಕ್ಕೇ ಕೊರೆದ ಕಿಂಡಿಗಳವು. ನೀವೂ ಒಮ್ಮೆ ಮಂಡಿಯೂರಿ ಕಣ್ಣಿಟ್ಟು ನೋಡಿ, ಯಾರೂ ಏನೂ ಅನ್ನುವುದಿಲ್ಲ.

ನೀವು ಕೇಳದೆ ಬಿಟ್ಟದ್ದು ಬಾಗಿಲ ಹತ್ತಿರದ ಜ್ಞಾನಸ್ನಾನದ ಕಲ್ಲುತೊಟ್ಟಿ, ಫಾಂಟ್. ಇದು ಮಾತ್ರ ಹಳೆಯ ಮತಕ್ಕೂ ಹೊಸ ಮತಕ್ಕೂ ಬೇಕಾಗಿತ್ತು, ಅದಕ್ಕೇ ಉಳಿಯಿತು. ಎಷ್ಟೋ ಕಡೆ ಸುತ್ತಲಿನ ಚರ್ಚು ಎರಡು ಸಲ ಹೊಸದಾದರೂ ತೊಟ್ಟಿ ನಾರ್ಮನ್ನರದೇ. ಅದರ ಅಂಚಿನಲ್ಲಿ ಒಡೆದ, ತೇಪೆ ಹಾಕಿದ ಜಾಗ ಹುಡುಕಿ. ಮಂತ್ರಿಸಿದ ನೀರನ್ನು ಮಾಟಕ್ಕೆ ಕದಿಯುತ್ತಾರೆಂದು 1236ರಲ್ಲಿ ತೊಟ್ಟಿಗೆ ಮುಚ್ಚಳ ಹಾಕಿ ಬೀಗ ಜಡಿಯಲು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಆಜ್ಞೆಯಾಯಿತು. ಕೀಲು ಕಿತ್ತ ಗಾಯ ಅದು. ಸಫೋಕ್‌ನ ಅಫರ್ಡ್‌ನಲ್ಲಿ ಮುಚ್ಚಳವೇ 18 ಅಡಿ ಎತ್ತರದ ಮರದ ಗೋಪುರ. ಅದರ ಕೆಳಭಾಗ ಮೇಲ್ಭಾಗದ ಮೇಲಕ್ಕೆ ಜಾರಿಕೊಂಡು ತೆರೆಯುತ್ತದೆ. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಕಾಲದಲ್ಲಿ ಪಾರ್ಲಿಮೆಂಟಿನ ಪರವಾಗಿ ಇನ್ನೂರೈವತ್ತರಷ್ಟು ಚರ್ಚುಗಳಿಗೆ ನುಗ್ಗಿ ಚಿತ್ರ-ಪ್ರತಿಮೆಗಳನ್ನು ಒಡೆಸಿದ ವಿಲಿಯಂ ಡೌಸಿಂಗ್ 1644ರಲ್ಲಿ ಇಲ್ಲಿಗೂ ಬಂದ. ಊರವರು ಬಾಗಿಲು ತೆಗೆಯದೆ ಎರಡು ಗಂಟೆ ಕಾಯಿಸಿದರು. ಈ ಮುಚ್ಚಳ ಪೋಪನ ಮೂರಂತಸ್ತಿನ ಕಿರೀಟದಂತಿದೆ ಎಂದು ತನ್ನ ದಿನಚರಿಯಲ್ಲಿ ಬರೆದುಕೊಂಡ. ಅಷ್ಟು ಬೈದರೂ ಒಡೆಯದೆ ಬಿಟ್ಟುಹೋದ. ಕಲೆಯ ಮುಂದೆ ಕೈ ಸೋತಿತೋ, ಊರವರ ಮುಖ ನೋಡಿ ಸೋತಿತೋ.

ಬೆಂಚುಗಳು ತಡವಾಗಿ ಬಂದವು. ಮೊದಲೆಲ್ಲ ನೇವ್ ಖಾಲಿ ಅಂಗಳ, ಜನ ನಿಲ್ಲುತ್ತಿದ್ದರು, ಮಂಡಿಯೂರುತ್ತಿದ್ದರು. 15ನೇ ಶತಮಾನದಲ್ಲಿ ಬೆಂಚು ಹೆಚ್ಚಾದವು, ಅವುಗಳ ಬದಿಹಲಗೆಯಲ್ಲಿ ಬಡಗಿಗಳು ಮನಸ್ಸಿಗೆ ಬಂದದ್ದು ಕೆತ್ತಿದರು. ಸಾಮರ್‌ಸೆಟ್‌ನ ಬ್ರೆಂಟ್ ನಾಲ್‌ನಲ್ಲಿ ನರಿಯೊಂದು ಮಠಾಧೀಶನ ವೇಷದಲ್ಲಿದೆ. ಮುಂದಿನ ಹಲಗೆಗಳಲ್ಲಿ ಅದರ ವೇಷ ಕಳಚಿ ಸೆರೆಗೆ ಹಾಕಿದ್ದಾರೆ, ಕೊನೆಯದರಲ್ಲಿ ಹೆಬ್ಬಾತುಗಳು ಹಗ್ಗ ಎಳೆದು ಅದನ್ನು ನೇಣಿಗೇರಿಸುತ್ತವೆ. ದಶಾಂಶ ಕೊಟ್ಟವರ ಹೊಟ್ಟೆಯುರಿ ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ದಾಖಲಾಗಿಲ್ಲ.

ಒಂದು ಎಚ್ಚರಿಕೆ. ಚರ್ಚುಗಳಲ್ಲಿ ಸಿಗುವ ಕರಪತ್ರಗಳನ್ನೆಲ್ಲ ನಂಬಬೇಡಿ. ಚಾನ್ಸೆಲ್ಲಿನ ತಗ್ಗು ಕಿಟಕಿ ತೋರಿಸಿ, ಕುಷ್ಠರೋಗಿಗಳು ಹೊರಗೆ ನಿಂತು ಪೂಜೆ ನೋಡಲು ಇದು ಎನ್ನುತ್ತಾರೆ. ನಾನೂ ಮೊದಲ ಸಲ ನಂಬಿ ಊರಿಗೆಲ್ಲ ಹೇಳಿಕೊಂಡು ಬಂದವನೇ. ಕುಷ್ಠರೋಗಿಗಳನ್ನು ಊರ ಚರ್ಚಿನ ಅಂಗಳಕ್ಕೇ ಬಿಡುತ್ತಿರಲಿಲ್ಲ. ಪೂಜೆಯ ಮುಖ್ಯ ಗಳಿಗೆಯಲ್ಲಿ ಹೊಲದಲ್ಲಿರುವವರಿಗೆ ಕೇಳುವಂತೆ ಗಂಟೆ ಬಾರಿಸಲು ಆ ಕಿಟಕಿ ಇದ್ದಿರಬಹುದೆಂಬುದು ಇದಕ್ಕಿಂತ ನಂಬಬಹುದಾದ ಊಹೆ. ಚಾನ್ಸೆಲ್ ಸ್ವಲ್ಪ ಓರೆಯಾಗಿದ್ದರೆ ಶಿಲುಬೆಯ ಮೇಲೆ ವಾಲಿದ ಯೇಸುವಿನ ತಲೆಯ ಸಂಕೇತವಂತೆ. ಅಲ್ಲ ಸ್ವಾಮಿ, ಹಳೆಯ ಗೋಡೆಗೆ ಹೊಸದನ್ನು ಕೂಡಿಸುವಾಗ ದಾರ ಹಿಡಿದವನ ಎಡವಟ್ಟು ಅಷ್ಟೆ. ಸಮಾಧಿಗಳ ಮೇಲೆ ಕಾಲ ಮೇಲೆ ಕಾಲು ಹಾಕಿ ಮಲಗಿದ ಕಲ್ಲಿನ ಯೋಧರೆಲ್ಲ ಧರ್ಮಯುದ್ಧಕ್ಕೆ ಹೋದವರೂ ಅಲ್ಲ. ಗಾರೆಯಿಲ್ಲದ ಬರೀ ಕಲ್ಲುಗೋಡೆ ‘ಮೂಲ ಸ್ವರೂಪ’ ಎನ್ನುವುದು ಇನ್ನೊಂದು ದೊಡ್ಡ ಸುಳ್ಳು. ಮಧ್ಯಯುಗದ ಒಳಗೋಡೆಗೆ ಗಾರೆ ಇತ್ತು, ಗಾರೆಯ ತುಂಬ ಚಿತ್ರಗಳಿದ್ದವು. ಅದನ್ನು ಕಲ್ಲಿನವರೆಗೆ ಕೆರೆದು ಹಾಕಿದ್ದು ವಿಕ್ಟೋರಿಯಾ ಕಾಲದ ಜೀರ್ಣೋದ್ಧಾರಕರ ಉತ್ಸಾಹ. ಆ ಕೆರೆತ ನಿಲ್ಲಿಸಲೆಂದೇ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಬೇಕಾಯಿತು.

ಗೀಚಿದ ಗೋಡೆಗಳೂ ಮಾತಾಡುತ್ತವೆ. ಹಾರ್ಟ್‌ಫರ್ಡ್‌ಶೈರ್‌ನ ಆ್ಯಶ್ವೆಲ್ ಚರ್ಚಿನ ಗೋಪುರದೊಳಗೆ ಯಾರೋ ಲ್ಯಾಟಿನ್ನಿನಲ್ಲಿ 1350ರ ಇಸವಿ ಹಾಕಿ, ಮಹಾಮಾರಿ ಬಂತು, ಸಾಕ್ಷಿ ಹೇಳಲು ಉಳಿದಿರುವುದು ಹೀನ ಜನ ಮಾತ್ರ ಎಂದು ಕೊರೆದಿದ್ದಾರೆ. ಅದರ ಕೆಳಗೆ, ಹತ್ತು ಹನ್ನೊಂದು ವರ್ಷ ಬಿಟ್ಟು ಬೀಸಿದ ಬಿರುಗಾಳಿಯ ಸುದ್ದಿ.

ನೀವು ಹೊರಗೆ ಕಂಡ ಅರ್ಧಚಕ್ರ ಮಾತ್ರ ಪೋಲಿ ಹುಡುಗರ ಗೀಚಾಟವಲ್ಲ. ಅದು ಬಿಸಿಲು ಗಡಿಯಾರ. ನಡುವಿನ ತೂತು ನೋಡಿರಬೇಕು, ಅದಕ್ಕೆ ಒಂದು ಕಡ್ಡಿ ಸಿಕ್ಕಿಸಿದರೆ ಅದರ ನೆರಳು ಗೆರೆಗಳ ಮೇಲೆ ಬೀಳುತ್ತದೆ. ಪೂಜೆಯ ಹೊತ್ತಿನ ಗೆರೆ ಮುಟ್ಟಿದಾಗ ಗಂಟೆ ಹೊಡೆಯುವುದು. ಬಿಸಿಲು ಬೀಳುವ ದಕ್ಷಿಣ ಗೋಡೆಯಲ್ಲೇ ಅದು ಇರಬೇಕು. ನೀವು ಕಂಡದ್ದು ಬಾಗಿಲ ಪಕ್ಕ ಎಂದಿರಿ. ಆ ಬಾಗಿಲಿಗೆ ಮುಖಮಂಟಪ ಇತ್ತೇ? ಇದ್ದು, ಚಕ್ರ ಅದರ ನೆರಳಿನೊಳಗೆ ಇದ್ದರೆ ಮಂಟಪ ಆಮೇಲೆ ಕಟ್ಟಿದ್ದು. ಮಗಳಿಗೆ ಹೇಳಿ ಒಂದು ಫೋಟೋ ತರಿಸಿಕೊಳ್ಳಿ. ಚಕ್ರ ತಲೆಕೆಳಗಾಗಿದ್ದರೆ ಬೇರೆ ಗೋಡೆಯ ಕಲ್ಲನ್ನು ಅಲ್ಲಿ ತಂದು ಕೂರಿಸಿದ್ದಾರೆಂದು ತಿಳಿಯಿರಿ.